ಪದವಿ ಮುಗಿದರೆ ಪ್ರಯಾಣ ಮುಗಿಯಿತೇ?

ರಾಯಲ್ ಕೆರಿಬಿಯನ್ ಎಂಬ ವಿಹಾರ ಹಡಗಿನ ಕಂಪನಿ ತನ್ನ ಕಾಯಂ ಪ್ರಯಾಣಿಕರಿಗಾಗಿ ಒಂದು ಲೆಕ್ಕ ಇಟ್ಟಿದೆ. ಹಡಗಿನಲ್ಲಿ ಕಳೆದ ಒಂದು ರಾತ್ರಿಗೆ ಸಾಮಾನ್ಯವಾಗಿ ಒಂದು ಅಂಕ. 30 ಅಂಕವಾದರೆ ಪ್ಲಾಟಿನಂ, 80 ಆದರೆ ಡೈಮಂಡ್, 700 ಆದರೆ ಪಿನಾಕಲ್. ದರ್ಜೆ ಏರಿದಂತೆ ಸವಲತ್ತುಗಳೂ ಏರುತ್ತವೆ. ನಡುಸಮುದ್ರದಲ್ಲಿ ಇಂಟರ್‌ನೆಟ್ ದುಬಾರಿ, ಮೇಲಿನ ದರ್ಜೆಯವರಿಗೆ ಅದರಲ್ಲೂ ರಿಯಾಯಿತಿ. ಇದೇನು ಧರ್ಮಕ್ಕೆ ಕೊಡುವುದಲ್ಲ. ಹೊಸ ಗಿರಾಕಿಯನ್ನು ಹುಡುಕುವುದಕ್ಕಿಂತ ಹಳೆಯವರನ್ನು ಉಳಿಸಿಕೊಳ್ಳುವುದೇ ಲಾಭ ಎಂಬ ವ್ಯಾಪಾರದ ಬುದ್ಧಿ ಅದು.

ಕೃಷ್ಣಾ, ಘಟಪ್ರಭಾ ದಂಡೆಯ ನಮಗೆ ಹಡಗು ದೂರದ ಮಾತು. ಆದರೆ ಅದೇ ಲೆಕ್ಕವನ್ನು ನಮ್ಮ ಕೆಂಪು ಬಸ್ಸಿಗೆ ಹಾಕಿ ನೋಡಿ. ಬನಹಟ್ಟಿಯಿಂದ ಜಮಖಂಡಿಗೆ ಕಾಲೇಜಿಗೆ ಹೋಗುವ ಹುಡುಗ ವರ್ಷಕ್ಕೆ 200 ದಿನ, ದಿನಕ್ಕೆ ಎರಡು ಸಲ ಬಸ್ ಹತ್ತುತ್ತಾನೆ ಎಂದುಕೊಳ್ಳೋಣ. ಪಿಯುಸಿ ಎರಡು ವರ್ಷ, ಪದವಿ ಮೂರು ವರ್ಷ. ಒಟ್ಟು 2,000 ಪ್ರಯಾಣ! ನಾನೂ ಹೀಗೆ ಓಡಾಡಿದವನೇ. ಹಡಗಿನವರ ಪ್ರಕಾರ ನಾವೆಲ್ಲ ಎಂದೋ ಪಿನಾಕಲ್ ಮುಟ್ಟಿಬಿಟ್ಟಿದ್ದೇವೆ. ಬಸ್ಸಿನಲ್ಲಿ ಮಾತ್ರ, ಪದವಿ ಮುಗಿದು ವಿದ್ಯಾರ್ಥಿ ಪಾಸಿನ ಅವಧಿ ತೀರಿದ ಮರುದಿನವೇ ನಾವು ಹೊಸ ಪ್ರಯಾಣಿಕರು. ಪೂರ್ತಿ ಟಿಕೆಟ್.

ಓದು ಮುಗಿದ ಮೇಲೆ ಓಡಾಟ ಕಡಿಮೆಯಾಗುತ್ತದೆಯೇ? ಇಲ್ಲ. ಬೀಳಗಿ ಕಡೆಯ ಹಳ್ಳಿಯ ಹುಡುಗ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಪಟ್ಟಣದ ಗ್ರಂಥಾಲಯಕ್ಕೆ ಬರಬೇಕು. ರಬಕವಿಯ ನೇಕಾರರ ಮಗ ಕಂಪ್ಯೂಟರ್ ತರಬೇತಿಗೆ ಹೋಗಬೇಕು. ಮುಧೋಳದವರು ಪರೀಕ್ಷೆ ಬರೆಯಲು ಬಾಗಲಕೋಟೆ, ವಿಜಯಪುರ, ಬೆಳಗಾವಿಗೆ ಹೊರಡಬೇಕು. ಆದಾಯವಿಲ್ಲದ, ಆದರೆ ಓಡಾಟ ತಪ್ಪದ ಕಾಲ ಇದು. ಮನೆಯಲ್ಲಿ ಬಸ್ ಚಾರ್ಜಿಗೆ ಕೈಚಾಚಲು ನಾಚಿಕೆಯಾಗಿ ಎಷ್ಟೋ ಜನ ಗ್ರಂಥಾಲಯವನ್ನೇ ಬಿಟ್ಟು ಮನೆಯಲ್ಲಿ ಕೂರುತ್ತಾರೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಮಹಿಳೆಯರಿಗೆ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಟ್ಟಿದೆ. ಅದನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಪದವಿ ಮುಗಿಸಿದ ನಮ್ಮ ಅಕ್ಕತಂಗಿಯರು ಬಸ್ ಚಾರ್ಜಿನ ಚಿಂತೆಯಿಲ್ಲದೆ ಓದಲು ಹೊರಡುವುದನ್ನು ನೋಡಿದರೆ, ಆ ಒಂದು ತಡೆ ಸರಿದಾಗ ಏನಾಗುತ್ತದೆ ಎಂಬುದು ಗೊತ್ತಾಗುತ್ತದೆ. ನಾನು ಕೇಳುವುದು ಗಂಡುಮಕ್ಕಳಿಗೂ ಕೆಲಸ ಹುಡುಕುವ ಅವಧಿಯಲ್ಲಿ ಸ್ವಲ್ಪ ಆಸರೆ ಸಿಗಲಿ ಎಂದಷ್ಟೇ.

ದಾರಿ ಆಗಲೇ ಅರ್ಧ ಸಿದ್ಧವಿದೆ. 2024ರ ಜನವರಿ 12ರಂದು ಚಾಲನೆ ಪಡೆದ ಯುವನಿಧಿ ಯೋಜನೆಯಲ್ಲಿ, ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿ ಸಿಗುತ್ತದೆ. ಗರಿಷ್ಠ ಎರಡು ವರ್ಷ. ಅಂದರೆ ಯಾರು ಕೆಲಸ ಹುಡುಕುತ್ತಿದ್ದಾರೆ ಎಂಬ ಪಟ್ಟಿ ಸರ್ಕಾರದ ಬಳಿಯೇ ಇದೆ. ಆ ಪಟ್ಟಿಯಲ್ಲಿರುವವರಿಗೆ ಅರ್ಧ ದರದ ‘ಉದ್ಯೋಗಾಕಾಂಕ್ಷಿ ಪಾಸ್’ ಕೊಡಲಿ. ಯುವನಿಧಿ ಶುರುವಾಗುವ ಮುಂಚಿನ ಆ ಆರು ತಿಂಗಳಿಗೆ ಹಳೆಯ ವಿದ್ಯಾರ್ಥಿ ಪಾಸನ್ನೇ ಮುಂದುವರಿಸಲಿ. ಕೆಲಸ ಸಿಕ್ಕ ದಿನ ಪಾಸ್ ರದ್ದಾಗಲಿ.

‘ಸಾರಿಗೆ ಸಂಸ್ಥೆಗೆ ಮೊದಲೇ ಹಣದ ಮುಗ್ಗಟ್ಟು, ಮತ್ತೊಂದು ಹೊರೆ ಯಾಕೆ?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿದ್ದೂ ಈ ಮುಗ್ಗಟ್ಟಿನಿಂದಲೇ. ಆದ್ದರಿಂದಲೇ ಪೂರ್ತಿ ಉಚಿತ ಬೇಡ, ಅರ್ಧ ದರ ಸಾಕು ಎನ್ನುತ್ತೇನೆ. ಉಳಿದರ್ಧವನ್ನು ಸರ್ಕಾರ ತುಂಬಿಕೊಡಲಿ. ಇನ್ನೊಂದು ಮಾತು: ಪಾಸ್ ಮುಗಿದ ಹುಡುಗ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡರೆ ಮತ್ತೆ ಬಸ್ಸಿನ ಕಡೆ ತಿರುಗಿ ನೋಡುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ನಡುವೆ ಬೈಕ್ ನುಗ್ಗಿಸುವುದು ಜೀವಕ್ಕೂ ಸಂಚಕಾರ. ಇಪ್ಪತ್ತೊಂದರ ಹರೆಯದಲ್ಲಿ ಕೈಬಿಟ್ಟ ಪ್ರಯಾಣಿಕ ಮೂವತ್ತಕ್ಕೆ ತಾನಾಗಿ ವಾಪಸ್ ಬರುವುದಿಲ್ಲ. ಹಡಗಿನವರಿಗೆ ಗೊತ್ತಿರುವ ಈ ಲೆಕ್ಕ ಬಸ್ಸಿನವರಿಗೂ ಗೊತ್ತಾಗಲಿ.

ಇಂಟರ್‌ನೆಟ್ ವಿಷಯಕ್ಕೂ ಬರುತ್ತೇನೆ. ಓಡುವ ಬಸ್ಸಿನಲ್ಲಿ ವೈಫೈ ಬೇಕೆಂಬ ಹಟ ನನಗಿಲ್ಲ. ರಸ್ತೆಯುದ್ದಕ್ಕೂ ಮೊಬೈಲ್ ಟವರುಗಳಿವೆ. ಆದರೆ ಇವತ್ತು ಅರ್ಜಿ, ಶುಲ್ಕ, ಪ್ರವೇಶಪತ್ರ, ಕೀ ಉತ್ತರ ಎಲ್ಲವೂ ಆನ್‌ಲೈನ್. ದಿನದ ಡೇಟಾ ತೀರಿದ ಹೊತ್ತಿಗೇ ಅರ್ಜಿಯ ಕೊನೆಯ ದಿನವೂ ಬಂದಿರುತ್ತದೆ. 2016ರಲ್ಲಿ ಮುಂಬೈ ಸೆಂಟ್ರಲ್‌ನಿಂದ ಶುರುವಾದ ರೈಲು ನಿಲ್ದಾಣಗಳ ಉಚಿತ ವೈಫೈ ಈಗ ದೇಶದ ಸಾವಿರಾರು ನಿಲ್ದಾಣಗಳಲ್ಲಿದೆ. ನಮ್ಮ ಭಾಗಕ್ಕೆ ಬರಬೇಕಾದ 142 ಕಿ.ಮೀ. ಉದ್ದದ ಬಾಗಲಕೋಟೆ–ಕುಡಚಿ ರೈಲು ಮಾರ್ಗ ಮಂಜೂರಾದದ್ದು 2010–11ರಲ್ಲಿ, ಪೂರ್ತಿಯಾಗುವುದನ್ನು ಇನ್ನೂ ಕಾಯುತ್ತಿದ್ದೇವೆ. ಅಲ್ಲಿಯವರೆಗೆ ಬಸ್ ನಿಲ್ದಾಣವೇ ನಮ್ಮ ರೈಲು ನಿಲ್ದಾಣ. ಕೇಂದ್ರ ಸಂಪುಟ 2020ರ ಡಿಸೆಂಬರ್‌ನಲ್ಲಿ ಒಪ್ಪಿದ ಪಿಎಂ ವಾಣಿ ಯೋಜನೆಯಲ್ಲಿ ಸಣ್ಣ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ಸಾರ್ವಜನಿಕ ವೈಫೈ ನಡೆಸಬಹುದು. ನಿಲ್ದಾಣದ ಒಳಗಿನ ಚಹಾ ಅಂಗಡಿಗೆ ಇದನ್ನು ವಹಿಸಿ, ಪಾಸ್ ಇದ್ದವರಿಗೆ ದಿನಕ್ಕೆ ಅರ್ಧ ಗಂಟೆ ಉಚಿತವಾಗಿ ಕೊಟ್ಟರೆ ಸಾಕು.

ಗೆಳೆಯರೇ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ನಾವು ಮುಂದಿನ ಸಲ ಶಾಸಕರ ಮುಂದೆ ನಿಂತಾಗ ‘ಕೆಲಸ ಕೊಡಿ’ ಎಂಬ ದೊಡ್ಡ ಬೇಡಿಕೆಯ ಜತೆಗೆ ಈ ಎರಡು ಸಣ್ಣ ಬೇಡಿಕೆಗಳನ್ನೂ ಇಡೋಣ. ದೊಡ್ಡದಕ್ಕೆ ಭರವಸೆಯಷ್ಟೇ ಸಿಗಬಹುದು. ಸಣ್ಣದಕ್ಕೆ ‘ಆಗುವುದಿಲ್ಲ’ ಎನ್ನಬೇಕಾದರೆ ಅವರು ಕಾರಣ ಹೇಳಬೇಕಾಗುತ್ತದೆ.