ನಿಸಿಧಿ ಗೋರಿಯಲ್ಲ

ಶ್ರವಣಬೆಳಗೊಳಕ್ಕೆ ಬರುವ ಪ್ರವಾಸಿಯು ದೊಡ್ಡಬೆಟ್ಟದ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಹತ್ತಿಳಿದ ಮೇಲೆ, ಎದುರಿನ ಚಿಕ್ಕಬೆಟ್ಟವನ್ನು ಕೆಳಗಿನಿಂದಲೇ ನೋಡಿ ಹೊರಟುಬಿಡುವುದುಂಟು. ಹತ್ತಿದವರ ಕಣ್ಣಿಗೂ ಬೀಳುವುದು ಬಸದಿಗಳ ಸಾಲು. ಬಂಡೆಯ ಮೈಮೇಲಿನ ಅಕ್ಷರಗಳ ಮುಂದೆ ನಿಲ್ಲುವವರು ವಿರಳ. ಅವೇನೆಂದು ಕೇಳಿದರೆ ‘ಮುನಿಗಳ ಸಮಾಧಿಗಳು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ತೊಡಕಿರುವುದು ಆ ಉತ್ತರದಲ್ಲಿಯೇ.

ಇಂದಿನ ಆಡುಮಾತಿನಲ್ಲಿ ಸಮಾಧಿಯೆಂದರೆ ಹೂತ ಸ್ಥಳ. ಶಾಸನಗಳ ಸಮಾಧಿಯಾದರೋ ಚಿತ್ತದ ಒಂದು ಸ್ಥಿತಿ. ವಿಜಯಪುರದ ಗೋಳಗುಮ್ಮಟದಲ್ಲಿ ಮುಹಮ್ಮದ್ ಆದಿಲ್ ಷಾಹನ ನಿಜವಾದ ಗೋರಿಯು ನೆಲಮಾಳಿಗೆಯಲ್ಲಿದೆ. ಅಷ್ಟು ದೊಡ್ಡ ಕಟ್ಟಡಕ್ಕೆ ಅರ್ಥ ಬಂದಿರುವುದು ಅಲ್ಲಿರುವ ದೇಹದಿಂದ. ಚಿಕ್ಕಬೆಟ್ಟದ ಬಂಡೆಯಡಿಯಲ್ಲಿ ಹುಡುಕಬೇಕಾದುದು ಏನೂ ಇಲ್ಲ. ಗಂಗರ ಮಾರಸಿಂಹನು 974ರ ಸುಮಾರಿಗೆ ದೇಹ ಬಿಟ್ಟದ್ದು ದೂರದ ಬಂಕಾಪುರದಲ್ಲಿ, ಅಜಿತಸೇನರ ಸನ್ನಿಧಿಯಲ್ಲಿ. ಅದನ್ನು ಸಾರುವ ಕೂಗೆ ಬ್ರಹ್ಮದೇವರ ಕಂಬ ನಿಂತಿರುವುದು ಇಲ್ಲಿ. ಇಲ್ಲಿ ನೆನಪು ಉಳಿಸಿರುವುದು ದೇಹವನ್ನಲ್ಲ, ಕೊನೆಗಂಡ ಒಂದು ವ್ರತವನ್ನು.

ಏಳನೆಯ ಶತಮಾನದ ಬರಹಗಳು ಬಹಳ ಚಿಕ್ಕವು. ನಾಗಮತಿ ಗಂತಿಯೆಂಬ ಸಾಧ್ವಿಯ ಕುರಿತು ಕಲ್ಲು ಹೇಳುವುದು ಅವರ ನಾಡು, ಗುರು ಮತ್ತು ಮೂರು ತಿಂಗಳ ನೋಂಪಿ, ಅಷ್ಟೆ. ‘ಸತ್ತರು’ ಎಂಬ ಮಾತಿಲ್ಲ, ‘ಮುಡಿಪಿದರ್’ ಎಂದಿದೆ. ಮುಗಿಸಿದರು ಎಂಬ ಅರ್ಥದ ಈ ಕ್ರಿಯಾಪದವನ್ನು ಇಂದಿನ ಓದುಗನು ದೇವರಿಗೆ ಕಟ್ಟಿಡುವ ಮುಡಿಪಿನೊಡನೆ ಸೇರಿಸಿ ಕೇಳಿದರೆ ತಪ್ಪೇನೂ ಆಗದು. ಅದೇ ಬೆಟ್ಟದ ನಂದಿಸೇನ ಮುನಿಯ ನಿಸಿಧಿಯಲ್ಲಿ ರೂಪ, ಧನ, ವೈಭವಗಳನ್ನು ಕಾಮನಬಿಲ್ಲಿಗೂ ಮಿಂಚಿಗೂ ಮಂಜಿಗೂ ಹೋಲಿಸಿದ ಪದ್ಯವಿದೆ. ಕನ್ನಡ ಕಾವ್ಯದ ಮೊದಲ ಹೆಜ್ಜೆಗಳನ್ನು ಗ್ರಂಥಗಳಲ್ಲಿ ಮಾತ್ರ ಅರಸುವವರು ಈ ಬಂಡೆಯ ಬಳಿ ಬಾಗಿ ಕೂಡಬೇಕು.

ಎಲ್ಲ ಬರಹಗಳೂ ಇಷ್ಟು ನಿರಾಳವಾಗಿಲ್ಲ. ವಿಷ್ಣುವರ್ಧನನ ರಾಣಿ ಶಾಂತಲೆಯು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಬಳಿಕ ಅವಳ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು, ಗುರುಗಳ ಸಮ್ಮುಖದಲ್ಲಿ ಒಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟಳು. ಇದು ವೈರಾಗ್ಯವೋ, ಮಗಳನ್ನು ಕಳೆದುಕೊಂಡ ತಾಯಿಯ ಸಂಕಟವೋ? ಶಾಸನವು ವ್ರತವನ್ನು ಹೊಗಳುತ್ತದೆ. ಆದರೆ ಎರಡು ಸಾವುಗಳನ್ನೂ ಒಂದೇ ಕಲ್ಲಿನಲ್ಲಿ ಹೇಳುತ್ತದೆ. ಸಲ್ಲೇಖನವನ್ನು ಗೌರವಿಸುವವರೂ ಈ ಪ್ರಶ್ನೆಯನ್ನು ಬದಿಗೆ ಸರಿಸಬಾರದು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟು ಈ ವ್ರತವನ್ನು ಆತ್ಮಹತ್ಯೆಯೆಂದು ಬಗೆಯಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಆ ದಿನಗಳಲ್ಲಿ ವಾದಕ್ಕಿಳಿದ ಎರಡೂ ಪಕ್ಷದವರಿಗೆ ಮಾಚಿಕಬ್ಬೆಯ ಶಾಸನ ಓದಲು ತಕ್ಕುದಾಗಿತ್ತು.

ಬಂಡೆಯನ್ನು ಕಾಪಾಡುವುದು ಒಂದು ಕೆಲಸ, ಓದಿಸುವುದು ಇನ್ನೊಂದು. ರೈಸರು 1889ರಲ್ಲಿ, ಆರ್. ನರಸಿಂಹಾಚಾರ್ಯರು 1923ರಲ್ಲಿ ಈ ಶಾಸನಗಳನ್ನು ಅಚ್ಚು ಮಾಡಿಸಿ ಪಾಠ ನಿಲ್ಲಿಸಿಕೊಟ್ಟಿದ್ದಾರೆ. ಆಯ್ದ ಹತ್ತು ಬರಹಗಳ ಬದಿಯಲ್ಲಿ ಮೂಲಪಾಠವನ್ನೂ ಹೊಸಗನ್ನಡದ ನಾಲ್ಕು ಸಾಲುಗಳನ್ನೂ ನಿಲ್ಲಿಸುವುದು ದೊಡ್ಡ ಖರ್ಚಿನ ಮಾತಲ್ಲ. ‘ಸಮಾಧಿ’ ಎಂಬ ಒಂದೇ ಮಾತಿನಿಂದ ತೃಪ್ತನಾಗುವ ಪ್ರವಾಸಿಯು ಆಗ ಹೆಸರುಗಳನ್ನು ಹಿಡಿದು ನಡೆಯಬಲ್ಲನು, ಕಾಲ ಕೆಳಗಿನ ಅಕ್ಷರವನ್ನು ತುಳಿಯದೆ ಬಳಸಿ ಹೋಗಬಲ್ಲನು.

ಅಲ್ಲಿಯವರೆಗೆ, ಹೋಗುವವರು ಬೆಳಗಿನಲ್ಲಿಯೇ ಹೋಗುವುದು ಲೇಸು. ನಡುಹಗಲಿನಲ್ಲಿ ಬರಿಗಾಲಿಗೆ ಬಂಡೆ ಸುಡುತ್ತದೆ, ಸವೆದ ಅಕ್ಷರಗಳೂ ಕಲ್ಲಿನಲ್ಲಿ ಕರಗಿಹೋಗುತ್ತವೆ. ಓರೆ ಬಿಸಿಲಿನಲ್ಲಿ ಒಂದೊಂದಾಗಿ ಎದ್ದು ಕಾಣುತ್ತವೆ.