ಮನೆಗೆ ತರುವ ನಾಯಿ ಚಿಕ್ಕದಿರಬೇಕೋ ದೊಡ್ಡದಿರಬೇಕೋ?

ಸಿದ್ದಾಪುರ ತಾಲೂಕಿನ ಹೆಗ್ಗರಣೆಯ ಕಡೆಗೆ ಮದುವೆಯಾಗಿ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಬ್ಬಾಕೆಯು ನಮಗೆ ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾಳೆ. ಅವಳ ಮನೆಯಲ್ಲಿ ನಾಯಿಯನ್ನು ಸಾಕಬೇಕೆಂದು ನಿಶ್ಚಯವಾಗಿದೆ. ಮಾವನವರು ಮುಧೋಳದ ಬೇಟೆನಾಯಿಯಂಥ ದೊಡ್ಡ ಜಾತಿಯೇ ಬೇಕೆನ್ನುತ್ತಾರೆ; ಮಕ್ಕಳು ಪೊಮೆರೇನಿಯನ್ ಎಂಬ ಚಿಕ್ಕ ಬಿಳಿಯ ನಾಯಿಯನ್ನು ಬೇಡುತ್ತಾರೆ. "ಅದಕ್ಕೆ ಅನ್ನ ಹಾಕುವವಳು ನಾನು; ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ" ಎಂದು ಕಾಗದದ ಕೊನೆಯಲ್ಲಿ ಬರೆದಿದ್ದಾಳೆ. ಈ ಕಡೆಯ ಮಾತಿನಲ್ಲಿಯೇ ಪ್ರಶ್ನೆಗೆ ಉತ್ತರವು ಅಡಗಿದೆಯೆಂದು ನಾವು ತಿಳಿಯುತ್ತೇವೆ.

ಮೊದಲು ಹಿರಿಯರ ಪಕ್ಷವನ್ನು ನ್ಯಾಯವಾಗಿ ವಿಚಾರಿಸುವ. ಅಲ್ಲಿ ಮನೆಗಳು ಒಂದರಿಂದೊಂದು ದೂರ. ಸುತ್ತಲೂ ಅಡಿಕೆಯ ತೋಟ, ಅದರಾಚೆ ಬೆಟ್ಟ ಮತ್ತು ಕಾಡು. ಮಂಗಗಳೂ ಕಾಡುಹಂದಿಗಳೂ ಬೆಳೆಯನ್ನು ಹಾಳುಮಾಡುವವು. ಆದದರಿಂದ ಬಲವಾದ ನಾಯಿ ಬೇಕೆಂಬದು ಹುರುಳಿಲ್ಲದ ಮಾತಲ್ಲ. ಮುಧೋಳದ ನಾಯಿಯಾದರೋ ನಮ್ಮ ನಾಡಿನ ಹೆಮ್ಮೆ. 2005ರಲ್ಲಿ ಭಾರತದ ಅಂಚೆ ಇಲಾಖೆಯವರು ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿದರು. ನಮ್ಮ ಸೈನ್ಯದವರೂ ಅದನ್ನು ಆರಿಸಿ ಪಳಗಿಸಿದ್ದಾರೆ. ಆದರೆ ಅದು ಬಾಗಿಲಕೋಟೆಯ ಕಡೆಯ ಒಣ ಬಯಲುಸೀಮೆಯ ಪ್ರಾಣಿ. ಮೂಗಿಗಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯನ್ನು ಕಂಡು, ಬಯಲಿನಲ್ಲಿ ಬಾಣದಂತೆ ಓಡುವದಕ್ಕಾಗಿಯೇ ಅದರ ಉದ್ದ ಕಾಲುಗಳೂ ಸಣ್ಣ ನಡುವೂ ಏರ್ಪಟ್ಟಿವೆ. ತೋಟದ ಕಾಲುವೆಗಳ ನಡುವೆಯೂ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆಯಲ್ಲಿಯೂ ಅದು ಎಲ್ಲಿ ಓಡೀತು? ಓಡಲಿಕ್ಕೆ ಹುಟ್ಟಿದ್ದನ್ನು ಸರಪಣಿಯಲ್ಲಿ ಬಿಗಿಯುವದು ಸಾಕುವದಲ್ಲ, ಸೆರೆಯಲ್ಲಿಡುವದು.

ದೊಡ್ಡ ನಾಯಿಯಿದ್ದರೆ ಚಿರತೆಯ ಭಯವಿಲ್ಲವೆಂದು ಹಲವರು ನಂಬುತ್ತಾರೆ. ಇದು ತಪ್ಪು. ಚಿರತೆಯು ಹೆಚ್ಚಾಗಿ ಹಿಡಿಯುವ ಬೇಟೆಯ ತೂಕವು 10ರಿಂದ 40 ಕಿಲೋಗ್ರಾಮಿನ ವರೆಗೆ ಇರುವದು. ನಾವು ದೊಡ್ಡದೆಂದು ಹಿಗ್ಗುವ ನಾಯಿಗಳಲ್ಲಿ ಬಹಳಷ್ಟು ಈ ಅಳತೆಯೊಳಗೇ ಬರುವವು. ಮಹಾರಾಷ್ಟ್ರದ ಅಕೋಲೆಯ ಹೊಲಗದ್ದೆಗಳ ಪ್ರದೇಶದಲ್ಲಿ ವಿದ್ಯಾ ಅತ್ರೇಯ ಮೊದಲಾದ ಸಂಶೋಧಕರು ಚಿರತೆಯ ಹಿಕ್ಕೆಗಳನ್ನು ಪರೀಕ್ಷಿಸಿದಾಗ, ಅದು ತಿಂದ ಆಹಾರದ ತೂಕದಲ್ಲಿ ನೂರಕ್ಕೆ 39 ಪಾಲು ನಾಯಿಗಳದೇ ಎಂದು ಕಂಡುಬಂತು. ಅಂಗಳದಲ್ಲಿ ಕಟ್ಟಿದ ನಾಯಿಯು ಮನೆಯನ್ನು ಕಾಯುವದಿಲ್ಲ. ಕಾಡಿನಿಂದ ಅತಿಥಿಯನ್ನು ಕರೆಯುತ್ತದೆ. ನಾಯಿಯನ್ನು ಉಳಿಸುವದು ಅದರ ಗಾತ್ರವಲ್ಲ, ರಾತ್ರಿಯಲ್ಲಿ ಮುಚ್ಚಿದ ಬಾಗಿಲು.

ಇನ್ನು ಖರ್ಚಿನ ಮಾತು. ಆರು ಪಟ್ಟು ತೂಕದ ನಾಯಿಗೆ ಸುಮಾರು ನಾಲ್ಕು ಪಟ್ಟು ಆಹಾರ ಬೇಕು. ಔಷಧವನ್ನಾದರೋ ಬಹುತರವಾಗಿ ತೂಕಕ್ಕೆ ಸರಿಯಾಗಿಯೇ ಕೊಡಬೇಕಾಗುವದು. ಆ ಭಾಗದ ಅನೇಕ ಮನೆಗಳಲ್ಲಿ ಮಾಂಸವಾಗಲಿ ತತ್ತಿಯಾಗಲಿ ಒಳಗೆ ಬರುವದಿಲ್ಲ. ದೊಡ್ಡ ಜಾತಿಯ ಮರಿಯು ಒಂದು ಒಂದೂವರೆ ವರುಷದ ವರೆಗೆ ಬೆಳೆಯುತ್ತಲೇ ಇರುವದು. ಅಷ್ಟು ಕಾಲ ಬರೀ ಮಜ್ಜಿಗೆ ಅನ್ನದಿಂದಲೇ ಅದರ ಎಲುಬುಗಳು ಗಟ್ಟಿಯಾಗಲಾರವು. ಅಲ್ಲದೆ ದೊಡ್ಡ ಮೈಯವುಗಳ ಆಯುಷ್ಯ ಕಡಿಮೆ: ಗ್ರೇಟ್ ಡೇನ್ ಎಂಬ ಭಾರೀ ನಾಯಿಯು ಎಂಟು ಹತ್ತು ವರುಷ ಬಾಳಿದರೆ, ಚಿಕ್ಕ ಜಾತಿಗಳು ಹನ್ನೆರಡರಿಂದ ಹದಿನೈದು ವರುಷ ಬಾಳುವದುಂಟು.

ಹಾಗಾದರೆ ಮಕ್ಕಳ ಪಕ್ಷವೇ ಗೆದ್ದಿತೋ? ಅದೂ ಪೂರ್ಣವಾಗಿ ಅಲ್ಲ. ಪೊಮೆರೇನಿಯನ್ ನಾಯಿಯು ಹಿಂದೆ ಇಷ್ಟು ಚಿಕ್ಕದಾಗಿರಲಿಲ್ಲ. 1888ರಲ್ಲಿ ವಿಕ್ಟೋರಿಯಾ ರಾಣಿಯು ಇಟಲಿಯ ಫ್ಲಾರೆನ್ಸ್ ಪಟ್ಟಣದಿಂದ ಚಿಕ್ಕವುಗಳನ್ನು ತಂದ ಬಳಿಕ ಅಲ್ಪಗಾತ್ರವೇ ಮೆಚ್ಚಿಕೆಯಾಯಿತು. ಚಳಿಯ ಸೀಮೆಗೆ ತಕ್ಕ ಅದರ ದಟ್ಟ ರೋಮವು ಮಲೆನಾಡಿನ ಮಳೆಗಾಲದಲ್ಲಿ ಬೇಗ ಒಣಗದೆ, ಚರ್ಮರೋಗಕ್ಕೆ ಆಸ್ಪದವಾಗುವದು. ಅದಕ್ಕಿಂತ ಗಂಭೀರವಾದದ್ದು ಉಣುಗಿನ ಸಂಗತಿ. 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣುಗಿನ ಕಡಿತದಿಂದ ಮನುಷ್ಯರಿಗೆ ತಗಲುವದು. ಆ ರೋಗವು ಸಿದ್ದಾಪುರ ತಾಲೂಕನ್ನೂ ಮುಟ್ಟಿ ದುಃಖವನ್ನು ತಂದಿದೆ. ಕಾಡಿಗೆ ಹೋಗಿಬರುವ ನಾಯಿ, ದೊಡ್ಡದಿರಲಿ ಚಿಕ್ಕದಿರಲಿ, ಮೈಮೇಲೆ ಉಣುಗುಗಳನ್ನು ಹೊತ್ತು ತರಬಲ್ಲದು. ಉದ್ದ ರೋಮದೊಳಗೆ ಅವನ್ನು ಹುಡುಕುವದು ಕಷ್ಟ. ಗಿಡ್ಡ ರೋಮದಲ್ಲಿ ಸುಲಭ.

ಈಗ ನಮ್ಮ ಅಭಿಪ್ರಾಯವನ್ನು ಹೇಳುತ್ತೇವೆ. ಹೆಗ್ಗರಣೆಯಂಥ ಊರಿನ ಮನೆಗೆ ದೊಡ್ಡದಕ್ಕಿಂತ ಚಿಕ್ಕದೇ ಮೇಲು. ಆದರೆ ಅದು ಚಿತ್ರದಲ್ಲಿ ಕಂಡ ಚಿಕ್ಕದಲ್ಲ, ಗಿಡ್ಡ ರೋಮದ, ಹದವಾದ ಮೈಯ, ಆ ಊರಿನ ಮಳೆಗೇ ಹುಟ್ಟಿದ ನಾಯಿ. ನೆರೆಮನೆಯಲ್ಲಿ ಹುಟ್ಟಿದ ನಾಡಮರಿಗೆ ಬೆಲೆಯಿಲ್ಲವೆಂದು ಅದನ್ನು ಕೀಳಾಗಿ ಎಣಿಸಬಾರದು. ಕಳ್ಳನನ್ನೂ ಮಂಗನನ್ನೂ ಎಚ್ಚರಿಸುವದು ಕೂಗೇ ಹೊರತು ತೂಕವಲ್ಲ. ಕಾಡುಹಂದಿಯ ಕೋರೆಯ ಮುಂದೆ ಎಷ್ಟು ದೊಡ್ಡ ನಾಯಿಯೂ ಸೀಳಲ್ಪಡುವದು.

ಆದರೆ ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ನಮ್ಮ ಮನೆಗಳಲ್ಲಿ ನಾಯಿಯನ್ನು ಆರಿಸುವವರು ಒಬ್ಬರು, ಸಾಕುವವರು ಇನ್ನೊಬ್ಬರು. ಗಂಡಸರು ಪೇಟೆಗೆ, ಮಕ್ಕಳು ಶಾಲೆಗೆ ಹೋದ ಮೇಲೆ ಅದಕ್ಕೆ ಅನ್ನವಿಕ್ಕುವವಳೂ, ಉಣುಗು ತೆಗೆಯುವವಳೂ, ಅದು ಕಾಯಿಲೆ ಬಿದ್ದರೆ ಎತ್ತಿಕೊಂಡು ಪಶುವೈದ್ಯರ ಬಳಿಗೆ ಹೋಗುವವಳೂ ಮನೆಯಾಕೆಯೇ. ಆದದರಿಂದ ಅವಳ ಕೈ ಹಿಡಿದು ನಿಲ್ಲಿಸಬಲ್ಲಷ್ಟು, ಅವಳ ತೋಳು ಎತ್ತಬಲ್ಲಷ್ಟು ಮಾತ್ರ ಆ ನಾಯಿಯ ಗಾತ್ರವಿರಲಿ. ಅದನ್ನು ನಿಶ್ಚಯಿಸುವ ಕಡೆಯ ಮಾತೂ ಅವಳದೇ ಆಗಿರಲಿ.

ತಾಯಿತಂದೆಗಳೇ, ಮರಿಯನ್ನು ತರುವ ಮುಂಚೆ ಮೂರು ಸಂಗತಿಗಳನ್ನು ಮನಸ್ಸಿಗೆ ತಂದುಕೊಳ್ಳಿರಿ. ರಾತ್ರಿ ಅದು ಮಲಗಲು ಗಟ್ಟಿಯಾದ ಕದವುಳ್ಳ ಸ್ಥಳವಿದೆಯೋ? ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ, ಆಮೇಲೆ ವೈದ್ಯರು ಹೇಳಿದಂತೆ ಅದನ್ನು ತಪ್ಪದೆ ಮುಂದುವರಿಸುವಿರೋ? ಲೂಯಿ ಪಾಸ್ಚರನು 1885ರಲ್ಲಿಯೇ ಈ ರೋಗಕ್ಕೆ ಮದ್ದು ತೋರಿಸಿದ್ದರೂ, ಅಲಕ್ಷ್ಯದಿಂದ ಇಂದಿಗೂ ಜನರು ಸಾಯುತ್ತಾರೆ. ಇನ್ನು ಕಡೆಯದು: ಇಂದು ನಾಯಿಗಾಗಿ ಅಳುವ ಮಗು ದೊಡ್ಡದಾಗಿ ಊರು ಬಿಟ್ಟು ಹೋದ ಮೇಲೆಯೂ ಅದನ್ನು ಸಾಕುವಿರೋ? ಈ ಮೂರಕ್ಕೂ ಹೌದೆನ್ನಲಾರದ ಮನೆಗೆ ಚಿಕ್ಕದೂ ಬೇಡ, ದೊಡ್ಡದೂ ಬೇಡ.

ನಮಗೆ ಕಾಗದ ಬರೆದ ಮಗಳೇ, ಈ ಪುಟವನ್ನು ಮಾವನವರ ಮುಂದೆಯೂ ಮಕ್ಕಳ ಮುಂದೆಯೂ ಓದು. ಅನಂತರ ನಿನ್ನ ಮನಸ್ಸಿನಲ್ಲಿದ್ದದ್ದನ್ನು ನೀನೇ ಹೇಳು. ಅನ್ನವಿಕ್ಕುವ ಕೈಗೆ ಆರಿಸುವ ಹಕ್ಕೂ ಇದೆ.