ಒಂದು ಸಾಲು ತಪ್ಪಿದ್ದಕ್ಕೆ ಫಾರ್ಮ್ಯಾಟ್ ಯಾಕೆ?

ಯಾದಗಿರಿ, ಶಹಾಪುರ, ಸುರಪುರದ ಕಡೆ ಬಿಸಿಎ, ಡಿಪ್ಲೊಮಾ ಓದುವ ಹುಡುಗರ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಕೈಕೊಟ್ಟರೆ ಸಿಗುವ ಮೊದಲ ಸಲಹೆ ‘ಫಾರ್ಮ್ಯಾಟ್ ಹೊಡಿ’. ಅಂಗಡಿಯವರೂ ಅದನ್ನೇ ಹೇಳುತ್ತಾರೆ, ಸೀನಿಯರ್‌ಗಳೂ ಅದನ್ನೇ. ನಾವು ಇದನ್ನು ಒಪ್ಪುವುದಿಲ್ಲ. ಬಹಳ ಸಲ ಕೆಟ್ಟಿರುವುದು ಒಂದೇ ಫೈಲಿನ ಒಂದೇ ಸಾಲು. ಅದಕ್ಕಾಗಿ ಪ್ರಾಜೆಕ್ಟು, ಫೋಟೊ, ನೋಟ್ಸ್ ಎಲ್ಲ ಅಳಿಸುವುದೆಂದರೆ ಮಾಳಿಗೆ ಸೋರಿತೆಂದು ಮನೆಯನ್ನೇ ಕೆಡವಿದ ಹಾಗೆ.

ಉಬುಂಟುವಿನಲ್ಲಿ ಟರ್ಮಿನಲ್ ತೆರೆದಾಗ ಬ್ಯಾಶ್ ಎಂಬ ಪ್ರೋಗ್ರಾಂ ಮೊದಲು ‘ಡಾಟ್ ಬ್ಯಾಶ್‌ಆರ್‌ಸಿ’ ಫೈಲನ್ನು ಓದುತ್ತದೆ. ಏನಾದರೂ ಇನ್‌ಸ್ಟಾಲ್ ಮಾಡುವಾಗ ‘ಈ ಸಾಲು ಅದರಲ್ಲಿ ಸೇರಿಸು’ ಎಂದು ವಿಡಿಯೊದವರು ಹೇಳುತ್ತಾರೆ. ಎಡವಟ್ಟು ಆಗುವುದು ಅಲ್ಲೇ.

ಹೆಚ್ಚಾಗಿ ಕೆಡುವುದು ಪಾತ್. ಕಮಾಂಡುಗಳನ್ನು ಯಾವ ಯಾವ ಫೋಲ್ಡರಿನಲ್ಲಿ ಹುಡುಕಬೇಕು ಎಂಬ ಪಟ್ಟಿ ಅದು. ಹೊಸ ವಿಳಾಸ ಬರೆಯುವಾಗ ಹಳೆಯ ಪಟ್ಟಿಯನ್ನು, ಅಂದರೆ ‘ಡಾಲರ್ ಪಾತ್’ ಅನ್ನು, ಬಿಟ್ಟರೆ ಮುಗಿಯಿತು: ನಾರಾಯಣಪುರ ಎಡದಂಡೆ ಕಾಲುವೆಗೆ ಹೊಸ ಹಂಚುಗಾಲುವೆ ತೋಡಿ, ಮುಖ್ಯ ಕಾಲುವೆಯನ್ನೇ ಮುಚ್ಚಿದಂತೆ. ಎಲ್‌ಎಸ್ ಕೊಟ್ಟರೂ, ನ್ಯಾನೊ ಕೊಟ್ಟರೂ ‘ಕಮಾಂಡ್ ನಾಟ್ ಫೌಂಡ್’. ಹುಡುಗ ಹೆದರುತ್ತಾನೆ. ಆದರೆ ಏನೂ ಅಳಿದಿಲ್ಲ, ದಾರಿ ಮಾತ್ರ ತಪ್ಪಿದೆ. ಸ್ಲ್ಯಾಷ್ ಯುಎಸ್‌ಆರ್ ಸ್ಲ್ಯಾಷ್ ಬಿನ್ ಸ್ಲ್ಯಾಷ್ ನ್ಯಾನೊ ಎಂದು ಪೂರ್ತಿ ವಿಳಾಸ ಕೊಟ್ಟರೆ ಎಡಿಟರ್ ತೆರೆಯುತ್ತದೆ. ಸೇರಿಸಿದ ಸಾಲು ತೆಗೆದು, ಹೊಸ ಟರ್ಮಿನಲ್ ತೆರೆದರಾಯಿತು.

ಇನ್ನೊಂದು, ಪಿಡಿಎಫ್ ನೋಟ್ಸಿನಿಂದ ಕಾಪಿ ಮಾಡಿದ ಬಾಗಿದ ಉದ್ಧರಣ ಚಿಹ್ನೆ. ಬ್ಯಾಶ್‌ಗೆ ನೇರ ಚಿಹ್ನೆ ಮಾತ್ರ ಗೊತ್ತು. ತೆರೆದ ಚಿಹ್ನೆ ಮುಚ್ಚದಿದ್ದರೂ ತಕರಾರೇ. ಆಗ ಎರರ್ ಫೈಲಿನ ಕೊನೆಯ ಸಾಲನ್ನು ತೋರಿಸಬಹುದು. ತಪ್ಪು ಇರುವುದು ಮೇಲೆಲ್ಲೋ. ‘ಬ್ಯಾಶ್’ ಬರೆದು, ಸ್ಪೇಸ್ ಬಿಟ್ಟು, ‘ಹೈಫನ್ ಎನ್’, ಆಮೇಲೆ ಫೈಲಿನ ಹೆಸರು ಕೊಟ್ಟರೆ ಏನನ್ನೂ ಓಡಿಸದೆ ವ್ಯಾಕರಣ ಮಾತ್ರ ಪರೀಕ್ಷಿಸುತ್ತದೆ. ಫೈಲ್ ಪೂರ್ತಿ ಹಾಳಾಗಿದ್ದರೆ ಇಟಿಸಿ ಫೋಲ್ಡರಿನ ‘ಸ್ಕೆಲ್’ ಒಳಗೆ ಉಬುಂಟು ಮೂಲ ಪ್ರತಿ ಇಟ್ಟಿರುತ್ತದೆ. ಕಾಪಿ ಮಾಡಿಕೊಳ್ಳಿ.

ಇಷ್ಟನ್ನು ಕಲಿಸಲು ಲ್ಯಾಬಿನಲ್ಲಿ ಒಂದು ಪಿರಿಯಡ್ ಸಾಕು. ಲ್ಯಾಬ್ ಪರೀಕ್ಷೆಗೆ ಪ್ರೋಗ್ರಾಂ ಬಾಯಿಪಾಠ ಮಾಡಿಸುತ್ತೇವೆ, ಎರರ್ ಓದುವುದನ್ನು ಮಾತ್ರ ಕಲಿಸುವುದಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಶಾಲೆಗಳಲ್ಲಿ ಲಿನಕ್ಸ್ ಮೇಲೆಯೇ, ಕನ್ನಡದ ಪಠ್ಯಪುಸ್ತಕ ಹಿಡಿದು ಕಂಪ್ಯೂಟರ್ ಕಲಿಯುತ್ತಾರೆ. 371ಜೆ ನಮ್ಮ ಮಕ್ಕಳಿಗೆ ಸೀಟು ಕಾಯ್ದಿಟ್ಟಿದೆ, ಸರಿ. ಆ ಸೀಟಿನಲ್ಲಿ ಕೂತ ಹುಡುಗಿ ಕಪ್ಪು ಪರದೆ ಕಂಡು ಹಿಂಜರಿದರೆ ಅದಕ್ಕೆ ಹೊಣೆ ಅವಳಲ್ಲ, ಕಲಿಸದವರು.

ಲ್ಯಾಪ್‌ಟಾಪ್ ಇಲ್ಲದವರು ಫೋನಿನಲ್ಲೇ ಟರ್ಮಕ್ಸ್ ಆ್ಯಪ್ ಹಾಕಿ ಕಲಿಯಬಹುದು. ಅಲ್ಲೂ ಇದೇ ಬ್ಯಾಶ್, ಇದೇ ತಪ್ಪುಗಳು. ಸಿಕ್ಕಿಹಾಕಿಕೊಂಡರೆ ಐಕಾನ್ ಒತ್ತಿ ಹಿಡಿಯಿರಿ, ‘ಫೇಲ್‌ಸೇಫ್’ ಎಂಬ ಆಯ್ಕೆ ಬರುತ್ತದೆ. ಕೆಟ್ಟ ಫೈಲನ್ನು ಓದದೆ ಅದು ಒಳಗೆ ಬಿಡುತ್ತದೆ.